ಬಿಸಿಲ ಸೀಮೆಯ ಎಲುಬು ನೋವು

(ಬಾನುಲಿ ಭಾಷಣ)

ನಮ್ಮ ಸೀಮೆಯಲ್ಲಿ ಬರವೆಂದರೆ ಮಳೆಯ ಬರ. ಬಿಸಿಲಿಗೆ ಇಲ್ಲಿ ಎಂದೂ ಬರ ಬಂದದ್ದಿಲ್ಲ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಮೇಲೆ ಜಿಲ್ಲೆಯ ಗೆರೆಗಳು ಹಲವು ಸಲ ಸರಿದಾಡಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಅಲ್ಲಿಂದ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ತಾಲ್ಲೂಕುಗಳೊಡನೆ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿತು. ಆದರೆ ಯಾವ ಜಿಲ್ಲೆಯಲ್ಲಿದ್ದರೂ ನೆತ್ತಿಯ ಮೇಲಿನ ಬಿಸಿಲು ಮಾತ್ರ ಒಂದೇ. ಇಂಥ ನೆಲದಲ್ಲಿ ನಿಂತು, ಸೂರ್ಯನ ಬೆಳಕಿನಿಂದ ದೊರೆಯುವ ‘ಡಿ’ ಜೀವಸತ್ತ್ವಕ್ಕೆ ನಮ್ಮ ಜನರಲ್ಲಿ ಬಡತನವುಂಟು ಎಂದು ಹೇಳಿದರೆ ಕೇಳುವವರು ನಕ್ಕಾರು. ನಗುವುದಕ್ಕೆ ಅವರಿಗೆ ಕಾರಣವೂ ಇದೆ. ಆ ಕಾರಣ ನೂರು ವರ್ಷಗಳಿಗಿಂತ ಹಳೆಯದು.

1890ರಲ್ಲಿ ಪಾಮ್ ಎಂಬ ಆಂಗ್ಲ ವೈದ್ಯನು ಹಲವು ದೇಶಗಳಲ್ಲಿದ್ದ ವೈದ್ಯರಿಗೆ ಪತ್ರ ಬರೆದು, ಮಕ್ಕಳ ಎಲುಬು ಮೆತ್ತಗಾಗಿ ಬಾಗುವ ರಿಕೆಟ್ಸ್ ರೋಗ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ವಿಚಾರಿಸಿದನು. ಹೊಗೆ ಮುಸುಕಿದ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ರೋಗ ಹೇರಳವಾಗಿತ್ತು; ಬಡತನವಿದ್ದರೂ ಬಿಸಿಲುಳ್ಳ ಭಾರತ, ಚೀನ, ಜಪಾನುಗಳಲ್ಲಿ ವಿರಳವಾಗಿತ್ತು. ಬಿಸಿಲಿಲ್ಲದಿರುವುದೇ ರೋಗಕ್ಕೆ ಮೂಲವೆಂದು ಅವನು ಸಾರಿದನು. ಆಗ ಅದನ್ನು ಹೆಚ್ಚು ಮಂದಿ ಲಕ್ಷಿಸಲಿಲ್ಲ. 1919ರಲ್ಲಿ ಬರ್ಲಿನ್ನಿನ ಹುಲ್ದ್‌ಷಿನ್ಸ್ಕಿ ಎಂಬ ವೈದ್ಯನು ರಿಕೆಟ್ಸ್ ಇದ್ದ ಮಕ್ಕಳನ್ನು ಅತಿನೇರಳೆ ಕಿರಣಗಳ ದೀಪದ ಕೆಳಗೆ ಮಲಗಿಸಿ ಗುಣಪಡಿಸಿ ತೋರಿಸಿದನು. 1922ರಲ್ಲಿ ಅಮೆರಿಕದ ಮೆಕಾಲಮ್ ಮೀನೆಣ್ಣೆಯೊಳಗಿನ ಎಲುಬುರಕ್ಷಕ ಪದಾರ್ಥವನ್ನು ಬೇರೆ ಜೀವಸತ್ತ್ವವೆಂದು ಗುರುತಿಸಿದನು. ಅದಕ್ಕೆ ‘ಡಿ’ ಎಂಬ ಹೆಸರು ಬಂತು. ಅಂದಿನಿಂದ ಪುಸ್ತಕಗಳಲ್ಲಿ ಒಂದು ಭಾವನೆ ಗಟ್ಟಿಯಾಗಿ ಕುಳಿತಿತು: ಬಿಸಿಲಿದ್ದಲ್ಲಿ ‘ಡಿ’ಯ ಕೊರತೆಯಿಲ್ಲ. ನಾವೂ ಅದನ್ನೇ ನಂಬಿಕೊಂಡು ಬಂದೆವು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ರಕ್ತದಲ್ಲಿ ಈ ಜೀವಸತ್ತ್ವವನ್ನು ಅಳೆಯುವ ವಿಧಾನ ಬಂದ ಮೇಲೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಯಲಿನಲ್ಲಿ ದುಡಿಯುವ ಸೈನಿಕರ ರಕ್ತದಲ್ಲಿ ‘ಡಿ’ ಸಾಕಷ್ಟಿತ್ತು. ಆಸ್ಪತ್ರೆಯ ಗೋಡೆಗಳೊಳಗೆ ದುಡಿಯುವ ವೈದ್ಯರಲ್ಲಿ, ದಾದಿಯರಲ್ಲಿ ತೀರ ಕಡಿಮೆಯಿತ್ತು. ಒಂದೇ ಊರು, ಒಂದೇ ಸೂರ್ಯ. ನಮಗೆ ಇನ್ನೂ ಹತ್ತಿರದ, ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದ ತಿರುಪತಿಯಲ್ಲಿ ನಡೆದ ಅಧ್ಯಯನಗಳಲ್ಲಿ, ಹೊಲದಲ್ಲಿ ದುಡಿಯುವ ಹಳ್ಳಿಗರ ರಕ್ತದಲ್ಲಿ ಪಟ್ಟಣಿಗರಿಗಿಂತ ‘ಡಿ’ ಹೆಚ್ಚಿದ್ದಿತು, ನಿಜ. ಆದರೆ ಆ ಹಳ್ಳಿಗರಲ್ಲಿಯೂ ಬಹುಮಂದಿಗೆ ಸಾಕಾಗುವಷ್ಟಿರಲಿಲ್ಲ.

ಹೀಗೇಕೆ? ಮೊದಲನೆಯದಾಗಿ ಬಿಸಿಲೆಲ್ಲ ಒಂದೇ ಬಿಸಿಲಲ್ಲ. ಚರ್ಮದಲ್ಲಿ ‘ಡಿ’ಯನ್ನು ಹುಟ್ಟಿಸುವ ಕಿರಣಗಳು ಸೂರ್ಯ ಮೇಲೇರಿದಾಗ ಮಾತ್ರ ನೆಲವನ್ನು ಮುಟ್ಟುತ್ತವೆ. ತಿರುಪತಿಯಲ್ಲಿ ಅಳೆದು ನೋಡಿದಾಗ ಬೆಳಗಿನ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲೇ ಈ ಕೆಲಸಕ್ಕೆ ಶ್ರೇಷ್ಠವೆಂದು ಕಂಡುಬಂತು. ಎಳೆಬಿಸಿಲು ಮೈಗೆ ಹಿತ, ಕಣ್ಣಿಗೆ ಹಿತ; ‘ಡಿ’ಯ ಲೆಕ್ಕದಲ್ಲಿ ಅದರ ಕೊಡುಗೆ ಅಲ್ಪ. ಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಹೊತ್ತೇರುವ ಮೊದಲೇ ಮೊಗ್ಗು ಬಿಡಿಸಿ ಮನೆ ಸೇರುವ ಹೆಣ್ಣುಮಗಳು ದಿನವೂ ಹೊರಗೆ ದುಡಿದರೂ, ಈ ದೃಷ್ಟಿಯಿಂದ ಅವಳಿಗೆ ದಕ್ಕಿದ್ದು ಬಹಳವೇನಲ್ಲ. ನಮ್ಮ ಚರ್ಮದ ಕಪ್ಪು, ಮೈಮುಚ್ಚುವ ಬಟ್ಟೆ, ತಲೆಯ ಮೇಲಿನ ಸೆರಗು ಇವೆಲ್ಲ ಕಿರಣವನ್ನು ತಡೆಯುತ್ತವೆ. ಕಿಟಕಿಯ ಗಾಜಂತೂ ಪೂರ್ತಿ ತಡೆಯುತ್ತದೆ.

ಎರಡನೆಯದು ಊಟ. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ, ನಾವು ರೊಟ್ಟಿ ತಟ್ಟುವ ಜೋಳದಲ್ಲಿ ಅದು 25 ಮಿಲಿಗ್ರಾಮಿನ ಆಸುಪಾಸು. ಕೆಳಗಿನ ಸೀಮೆಯವರ ಮುದ್ದೆಯನ್ನು ನಮ್ಮ ರೊಟ್ಟಿಯ ಜನ ಹಾಸ್ಯ ಮಾಡುವುದುಂಟು. ಸುಣ್ಣದಂಶದ ಪಂದ್ಯದಲ್ಲಿ ಮಾತ್ರ ಮುದ್ದೆಯೇ ಗೆದ್ದಿದೆ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಪದಾರ್ಥ, ಇದ್ದ ಅಲ್ಪಸ್ವಲ್ಪ ಸುಣ್ಣದಂಶವೂ ಕರುಳಿನಲ್ಲಿ ಹೀರದಂತೆ ಕಟ್ಟಿಹಾಕುತ್ತದೆ. ಸುಣ್ಣದಂಶ ಸಾಲದಿದ್ದಾಗ ಶರೀರ ತನ್ನಲ್ಲಿರುವ ‘ಡಿ’ಯನ್ನು ಬೇಗಬೇಗನೆ ಖರ್ಚುಮಾಡುತ್ತದೆ ಎಂಬುದನ್ನು 1987ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇಲಿಗಳಲ್ಲಿ ತೋರಿಸಿಕೊಟ್ಟರು. ಹೊಲದ ಬಿಸಿಲಿನಲ್ಲಿ ಸಂಪಾದಿಸಿದ್ದು ಊಟದ ಬಡತನದಲ್ಲಿ ಸೋರಿಹೋಗುವ ಬಗೆ ಇದು.

ಇಷ್ಟು ಹೇಳಿದ್ದು ಎಲ್ಲರಿಗೂ ಅನ್ವಯಿಸುವ ಮಾತು. ಆದರೆ ನಾನು ಇಂದು ಮುಖ್ಯವಾಗಿ ಹೇಳಹೊರಟಿರುವುದು ಎಲ್ಲರ ವಿಷಯವನ್ನಲ್ಲ. ಸಕ್ಕರೆ ಕಾಯಿಲೆಯಿರುವವರ, ಅದರಿಂದಲೋ ಬೇರೆ ಕಾರಣದಿಂದಲೋ ಮೂತ್ರಪಿಂಡ ಸೋತಿರುವವರ ವಿಷಯವನ್ನು. ಅವರ ವಿಷಯದಲ್ಲಿ ಬಿಸಿಲು, ಊಟ ಎರಡೂ ಸರಿಯಾಗಿದ್ದರೂ ‘ಡಿ’ ಕೈಕೊಡುತ್ತದೆ. ಏಕೆಂದರೆ ಚರ್ಮದಲ್ಲಿ ಹುಟ್ಟುವ ‘ಡಿ’ ಹಾಗೆಯೇ ಉಪಯೋಗಕ್ಕೆ ಬರುವ ಪದಾರ್ಥವಲ್ಲ.

ನಮ್ಮ ಕಡೆಯ ಉಪಮಾನದಲ್ಲಿಯೇ ಹೇಳುತ್ತೇನೆ. ಹೊಲದಲ್ಲಿ ತೆನೆ ತೂಗಿದ ಮಾತ್ರಕ್ಕೆ ಗಂಗಾಳದಲ್ಲಿ ರೊಟ್ಟಿ ಬೀಳುವುದಿಲ್ಲ. ಜೋಳವನ್ನು ರಾಶಿ ಮಾಡಬೇಕು, ಹಗೇವಿನಲ್ಲಿ ತುಂಬಬೇಕು, ಬೇಕಾದಾಗ ತೆಗೆದು ಬೀಸಬೇಕು. ನಮ್ಮ ಚರ್ಮ ಆ ಹೊಲ. ಅಲ್ಲಿ ಹುಟ್ಟಿದ ‘ಡಿ’ ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ ಹೋಗಿ ಒಂದು ಬದಲಾವಣೆ ಹೊಂದಿ, ರಕ್ತದಲ್ಲಿ ವಾರಗಟ್ಟಲೆ ಉಳಿಯಬಲ್ಲ ದಾಸ್ತಾನಿನ ರೂಪ ತಾಳುತ್ತದೆ. ಅದು ಹಗೇವಿನ ಜೋಳ. ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಅಳೆಯುವುದು ಇದನ್ನೇ. ಮಿಲಿಲೀಟರಿಗೆ 20 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆಯೆನ್ನುತ್ತಾರೆ. ಆ ದಾಸ್ತಾನನ್ನು ಅಂದಂದಿನ ಅಗತ್ಯಕ್ಕೆ ತಕ್ಕಂತೆ ಬೀಸಿ ಹಿಟ್ಟು ಮಾಡುವ ಗಿರಣಿಯೇ ಮೂತ್ರಪಿಂಡ. ಅಲ್ಲಿ ತಯಾರಾಗುವ ಕ್ಯಾಲ್ಸಿಟ್ರಿಯಾಲ್ ಎಂಬ ಕೊನೆಯ ರೂಪವೇ ಕರುಳಿಗೆ ಸುಣ್ಣದಂಶವನ್ನು ಹೀರಿಕೊಳ್ಳುವ ಶಕ್ತಿ ಕೊಡುವಂಥದು. ಗಿರಣಿ ಕೆಟ್ಟು ನಿಂತರೆ ಹಗೇವು ತುಂಬಿದ್ದರೂ ಮನೆಯಲ್ಲಿ ರೊಟ್ಟಿಯಿಲ್ಲ.

ಈ ಸಂಗತಿ ತಿಳಿದದ್ದು ಬಹಳ ಹಿಂದೇನಲ್ಲ. ಮೂತ್ರಪಿಂಡವೆಂದರೆ ಮೈಯ ಕೊಳೆಯನ್ನು ಸೋಸುವ ಅಂಗವೆಂದಷ್ಟೇ ಬಹುಕಾಲ ತಿಳಿದಿದ್ದರು. ಮೂತ್ರಪಿಂಡ ಕೆಟ್ಟವರ ಎಲುಬು ಏಕೆ ಕೆಡುತ್ತದೆ, ಸಾಮಾನ್ಯ ಪ್ರಮಾಣದ ‘ಡಿ’ ಕೊಟ್ಟರೂ ಅವರಿಗೇಕೆ ನಾಟುವುದಿಲ್ಲ ಎಂಬುದು ವೈದ್ಯರಿಗೆ ಒಗಟಾಗಿತ್ತು. 1970ರಲ್ಲಿ ಕೇಂಬ್ರಿಜ್ಜಿನ ಫ್ರೇಸರ್ ಮತ್ತು ಕೋಡಿಚೆಕ್ ಎಂಬ ವಿಜ್ಞಾನಿಗಳು, ಮೂತ್ರಪಿಂಡ ತೆಗೆದ ಇಲಿಗಳಲ್ಲಿ ಈ ಕೊನೆಯ ರೂಪ ತಯಾರಾಗುವುದೇ ಇಲ್ಲವೆಂದು ತೋರಿಸಿದಾಗ ಒಗಟು ಒಡೆಯಿತು. ಮರುವರ್ಷವೇ ಆ ಪದಾರ್ಥದ ರಚನೆಯೂ ತಿಳಿಯಿತು. ಸೋಸುವ ಜರಡಿಯೆಂದುಕೊಂಡದ್ದು ಬೀಸುವ ಗಿರಣಿಯೂ ಆಗಿತ್ತು.

ಗಿರಣಿ ನಿಧಾನವಾದಾಗ ಮೈಯೊಳಗೆ ನಡೆಯುವುದೇನು? ರಕ್ತದಲ್ಲಿ ಸುಣ್ಣದಂಶ ಒಂದು ಮಟ್ಟದಲ್ಲಿ ನಿಂತಿರಲೇಬೇಕು. ಇಲ್ಲವಾದರೆ ಹೃದಯ, ನರ, ಸ್ನಾಯುಗಳ ವ್ಯವಹಾರವೇ ಕೆಡುತ್ತದೆ. ಕರುಳಿನಿಂದ ಬರುವುದು ಕಡಿಮೆಯಾದಾಗ, ಕೊರಳಿನ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡ ನಾಲ್ಕು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು, ಎಲುಬಿನಿಂದ ಸುಣ್ಣದಂಶವನ್ನು ಕಿತ್ತು ರಕ್ತಕ್ಕೆ ತುಂಬುವಂತೆ ಅಪ್ಪಣೆ ಕೊಡುತ್ತವೆ. ಇತ್ತ ಸೋತ ಮೂತ್ರಪಿಂಡ ರಂಜಕವನ್ನು ಹೊರಹಾಕಲಾರದೆ ಅದು ರಕ್ತದಲ್ಲಿ ಕೂಡಿಕೊಳ್ಳುತ್ತದೆ. ಅದೂ ಆ ಗ್ರಂಥಿಗಳನ್ನು ಕೆಣಕುತ್ತದೆ. ಬರಗಾಲದಲ್ಲಿ ಮನೆಯ ತೊಲೆ ಜಂತಿಗಳನ್ನು ಮಾರಿ ಹೊಟ್ಟೆ ಹೊರೆದ ಕುಟುಂಬಗಳ ಕಥೆ ನಮ್ಮ ಹಿರಿಯರಿಗೆ ಗೊತ್ತಿದೆ. ಶರೀರವೂ ಅದನ್ನೇ ಮಾಡುತ್ತದೆ. ವರ್ಷಗಳು ಕಳೆದಂತೆ ಎಲುಬು ಟೊಳ್ಳಾಗುತ್ತದೆ, ತೊಡೆಯ ಸ್ನಾಯುಗಳು ಸೋಲುತ್ತವೆ, ನೆಲದ ಮೇಲೆ ಕುಳಿತವರಿಗೆ ಕೈಯೂರದೆ ಏಳಲಾಗುವುದಿಲ್ಲ, ಸಣ್ಣ ಪೆಟ್ಟಿಗೂ ಎಲುಬು ಮುರಿಯುತ್ತದೆ. ಕಿತ್ತ ಸುಣ್ಣದಂಶ ಹೋಗಬಾರದ ಕಡೆಗೆ ಹೋಗಿ, ರಕ್ತನಾಳಗಳ ಗೋಡೆಯಲ್ಲಿ ಗಾರೆಯಂತೆ ಕಟ್ಟಿಕೊಳ್ಳುವುದೂ ಉಂಟು.

ಸಕ್ಕರೆ ಕಾಯಿಲೆಯವರಲ್ಲಿ ಇನ್ನೊಂದು ನಷ್ಟವೂ ಸೇರುತ್ತದೆ. ‘ಡಿ’ಯನ್ನು ರಕ್ತದಲ್ಲಿ ಹೊತ್ತು ತಿರುಗುವ ಒಂದು ಸಸಾರಜನಕವಿದೆ, ಗಾತ್ರದಲ್ಲಿ ಅದು ಅಲ್ಬುಮಿನ್ನಿಗಿಂತ ಸ್ವಲ್ಪ ಚಿಕ್ಕದು. ಹಲವು ವರ್ಷ ಹತೋಟಿ ತಪ್ಪಿದ ಸಕ್ಕರೆ ಮೂತ್ರಪಿಂಡದ ಸೋಸುಜರಡಿಯನ್ನು ಹಾಳುಮಾಡಿದಾಗ ಅಲ್ಬುಮಿನ್ ಮೂತ್ರಕ್ಕೆ ಸೋರತೊಡಗುತ್ತದೆ. ಅದರ ಜೊತೆಯಲ್ಲಿ ಈ ವಾಹಕವೂ, ಅದು ಹೊತ್ತ ‘ಡಿ’ಯೂ ಸೋರಿಹೋಗುತ್ತವೆ. ಗಿರಣಿ ಇನ್ನೂ ತಕ್ಕಮಟ್ಟಿಗೆ ತಿರುಗುತ್ತಿರುವಾಗಲೇ ಹಗೇವಿಗೆ ತೂತು ಬಿದ್ದಂತೆ. ಹೀಗಾಗಿ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟವರಲ್ಲಿ ಕೊರತೆ ಎರಡೂ ಕಡೆಯಿಂದ ಬರುತ್ತದೆ.

ಇದು ಕೆಲವರ ಸಂಗತಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗಿಂತ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ಒಂದು ಕಾಲಕ್ಕೆ ಇದು ಗಾದಿಯ ಮೇಲೆ ಕುಳಿತ ಸಾಹುಕಾರರ ರೋಗವೆಂಬ ಮಾತಿತ್ತು. ಈಗ ಮೆಕ್ಕೆಜೋಳದ ಚೀಲ ಹೊರುವವನಿಗೂ ಇದೆ, ಕೂಲಿಗೆ ಹೋಗುವ ಅವ್ವನಿಗೂ ಇದೆ. ಮೂತ್ರಪಿಂಡದ ಸ್ವಭಾವವೆಂದರೆ ಅದು ಸೋಲುವಾಗ ಕೂಗುವುದಿಲ್ಲ. ಹಲ್ಲು ಕೆಟ್ಟರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಮೂತ್ರಪಿಂಡ ಅರ್ಧ ಕೆಟ್ಟರೂ ಮನುಷ್ಯ ಸಂತೆಗೆ ಹೋಗಿ ಬರುತ್ತಾನೆ.

ಇಲ್ಲಿಯೇ ನನಗೆ ಬಹಳ ಕಳವಳ ಹುಟ್ಟಿಸುವ ಸಂಗತಿಯಿದೆ. “ಸಾಹೇಬ್ರ, ಟೊಂಕ ಸೆಳಿತೈತ್ರಿ, ಎಲುಬೆಲ್ಲಾ ನೂಸ್ತಾವ್ರಿ, ಬಿಸಿಲಾಗ ದುಡದು ದುಡದು ಹಿಂಗಾಗೈತಿ” ಎನ್ನುತ್ತ ಬರುವವರನ್ನು ವೈದ್ಯನಾಗಿ ನಾನು ನಿತ್ಯವೂ ಕಾಣುತ್ತೇನೆ. ಅವರಲ್ಲಿ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿರುವವರು ಸಾಕಷ್ಟು ಮಂದಿ. ಚೀಲದಲ್ಲಿ ಸಕ್ಕರೆಯ ಮಾತ್ರೆಯ ಜೊತೆಗೆ ನೋವಿನ ಮಾತ್ರೆಯ ಹಾಳೆಯೊಂದು ಇದ್ದೇ ಇರುತ್ತದೆ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡದ್ದು, ವರ್ಷಗಟ್ಟಲೆ ನುಂಗಿದ್ದು. ಸಂತೆಯ ದಿನ ಬಂದು ಸೊಂಟಕ್ಕೊಂದು ಸೂಜಿ ಹಾಕಿಸಿಕೊಂಡು ಹೋಗುವುದು ಬೇರೆ. ಡೈಕ್ಲೋಫೆನಾಕ್ ಮೊದಲಾದ ಈ ನೋವುನಿವಾರಕಗಳು, ಮೂತ್ರಪಿಂಡದೊಳಗಿನ ರಕ್ತನಾಳಗಳನ್ನು ತೆರೆದಿಡುವ ಪದಾರ್ಥಗಳ ತಯಾರಿಕೆಯನ್ನೇ ತಡೆಯುತ್ತವೆ. ಆರೋಗ್ಯವಂತನು ಅದನ್ನು ತಾಳಿಕೊಂಡಾನು. ಸಕ್ಕರೆ ಕಾಯಿಲೆಯಿಂದ ಆಗಲೇ ಸೋತ ಮೂತ್ರಪಿಂಡಕ್ಕೆ, ಅದರಲ್ಲೂ ಬೇಸಗೆಯಲ್ಲಿ ಬೆವರಿ ನೀರಡಿಸಿದ ಮೈಗೆ, ಅದು ಬಿದ್ದವನ ಬೆನ್ನಮೇಲೆ ಹೇರಿದ ಮೂಟೆ. ಎಲುಬು ನೋಯುತ್ತಿರುವುದು ಗಿರಣಿ ಕೆಟ್ಟದ್ದರಿಂದ; ನೋವಿಗೆಂದು ನುಂಗುವ ಮಾತ್ರೆಯಿಂದ ಗಿರಣಿ ಇನ್ನಷ್ಟು ಕೆಡುತ್ತದೆ; ನೋವು ಇನ್ನಷ್ಟು ಹೆಚ್ಚುತ್ತದೆ.

ಸಕ್ಕರೆ ಕಾಯಿಲೆಯವರಲ್ಲಿ ಎಲುಬು ನೋವು ಕಂಡಾಗ, ನೋವಿಗೆ ಮದ್ದು ಕೇಳುವ ಮೊದಲು ಮೂತ್ರಪಿಂಡದ ಸ್ಥಿತಿಯನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಎರಡೇ ಪರೀಕ್ಷೆ. ಮೂತ್ರದಲ್ಲಿ ಅಲ್ಬುಮಿನ್ ಎಷ್ಟು ಸೋರುತ್ತಿದೆ ಎಂಬುದೊಂದು. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬುದಿನ್ನೊಂದು. ವಯಸ್ಕರಲ್ಲಿ ಬರುವ ಸಕ್ಕರೆ ಕಾಯಿಲೆಯನ್ನು ಕಂಡುಹಿಡಿದ ದಿನವೇ ಇವೆರಡನ್ನೂ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಮೂತ್ರದಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂ ಅಲ್ಬುಮಿನ್ ದಾಟಿ, ಅದು ಮತ್ತೆ ಮತ್ತೆ ಕಂಡುಬಂದರೆ ಜರಡಿ ಹರಿಯತೊಡಗಿದೆಯೆಂದು ತಿಳಿಯಬೇಕು. ಆಗ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಬಿಗಿಹಿಡಿದರೆ, ಸೋರಿಕೆಯನ್ನು ತಗ್ಗಿಸುವ ಔಷಧಗಳನ್ನು ಕೊಟ್ಟರೆ, ಬಹುಮಂದಿಯ ಮೂತ್ರಪಿಂಡವನ್ನು ಇನ್ನೂ ಅನೇಕ ವರ್ಷ ಕಾಪಾಡಬಹುದು. ಕ್ರಿಯಾಟಿನಿನ್ ಏರಿ, ಮುಖ ಕಾಲು ಬಾತ ಮೇಲೆ ಬಂದವರಿಗೆ ಅಷ್ಟು ಮಾಡುವುದು ಕಷ್ಟ.

ನೋವಿನ ಮಾತ್ರೆಯ ಹಾದಿಯಲ್ಲಿಯೇ ಈಚೆಗೆ ಇನ್ನೊಂದು ಮೋಹ ಬೆಳೆದಿದೆ. ‘ಡಿ’ಯ ಹೆಸರು ಈಗ ಎಲ್ಲರ ಬಾಯಲ್ಲಿದೆ. 60,000 ಯೂನಿಟ್ಟುಗಳ ಪುಡಿಯ ಪೊಟ್ಟಣ, ಗುಳಿಗೆಗಳು ಸಣ್ಣ ಊರಿನ ಅಂಗಡಿಯಲ್ಲೂ ದೊರೆಯುತ್ತವೆ. 6 ಲಕ್ಷ ಯೂನಿಟ್ಟಿನ ಸೂಜಿಮದ್ದೂ ಇದೆ. ವಯಸ್ಕನೊಬ್ಬನಿಗೆ ದಿನಕ್ಕೆ 600 ಯೂನಿಟ್ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರ ಶಿಫಾರಸಿನಲ್ಲಿ ಹೇಳಿದೆ. ಲೆಕ್ಕ ಹಾಕಿ ನೋಡಿ: ಒಂದು ಪೊಟ್ಟಣವೆಂದರೆ ನೂರು ದಿನದ ಬಾಬತ್ತು, ಒಂದು ಸೂಜಿಯೆಂದರೆ ಸಾವಿರ ದಿನದ್ದು. ಕೊರತೆಯಿರುವವರಿಗೆ ವೈದ್ಯರು ವಾರಕ್ಕೊಂದು ಪೊಟ್ಟಣದಂತೆ ಎಂಟು ವಾರ ಕೊಡುವುದುಂಟು. ಅದು ಸರಿಯಾದ ಚಿಕಿತ್ಸೆಯೇ. ಆದರೆ ‘ವಾರಕ್ಕೊಂದು’ ಎಂಬುದನ್ನು ‘ದಿನಕ್ಕೊಂದು’ ಎಂದು ತಿಳಿದು ತಿಂಗಳುಗಟ್ಟಲೆ ನುಂಗಿದವರು, ಒಬ್ಬ ವೈದ್ಯರ ಬಳಿ ಹಾಕಿಸಿಕೊಂಡ ಸೂಜಿಯನ್ನು ಇನ್ನೊಬ್ಬರಿಗೆ ಹೇಳದೆ ಮತ್ತೆ ಹಾಕಿಸಿಕೊಂಡವರು ವಿಷಮಸ್ಥಿತಿಗೆ ಹೋದ ಉದಾಹರಣೆಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ‘ಬಿ’ ಜೀವಸತ್ತ್ವ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗಿಬಿಡುತ್ತದೆ. ‘ಡಿ’ ಹಾಗಲ್ಲ, ಕೊಬ್ಬಿನಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ಮಿತಿಮೀರಿದಾಗ ರಕ್ತದ ಸುಣ್ಣದಂಶ ಏರಿ, ವಾಂತಿ, ಮಲಬದ್ಧತೆ, ಮಂಕುತನ, ಅತಿಯಾದ ದಾಹ, ಮೇಲಿಂದ ಮೇಲೆ ಮೂತ್ರ ಇವು ಕಾಣಿಸಿಕೊಳ್ಳುತ್ತವೆ. ದಾಹ, ಅತಿಮೂತ್ರ ಎರಡೂ ಸಕ್ಕರೆ ಕಾಯಿಲೆಯ ಲಕ್ಷಣಗಳೇ ಆದುದರಿಂದ, ಸಕ್ಕರೆ ಏರಿರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಏರಿದ ಸುಣ್ಣದಂಶವು ಮೂತ್ರಪಿಂಡಕ್ಕೆ ಮತ್ತೊಂದು ಪೆಟ್ಟು ಕೊಟ್ಟಿರುತ್ತದೆ.

‘ಡಿ’ಯನ್ನು ತುಂಬಿದರೆ ಸಕ್ಕರೆ ಕಾಯಿಲೆಯೇ ಬರಲಾರದು, ಬಂದವರ ಮೂತ್ರಪಿಂಡ ಕೆಡಲಾರದು ಎಂಬ ಆಸೆಯೂ ಕೆಲಕಾಲ ಬಲವಾಗಿತ್ತು. ಕೊರತೆಯಿರುವವರಲ್ಲಿ ಈ ರೋಗಗಳು ಹೆಚ್ಚು ಕಾಣುವುದರಿಂದ ಹಾಗೆ ಆಶಿಸಿದ್ದು ಸಹಜವೇ. 2019ರಲ್ಲಿ ಅಮೆರಿಕದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಹೊರಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 2,423 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ದಿನವೂ 4,000 ಯೂನಿಟ್ ‘ಡಿ’ ಕೊಟ್ಟು, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ನೋಡಿದರು. ರೋಗ ಬರುವುದು ಗಣನೀಯವಾಗಿ ತಗ್ಗಲಿಲ್ಲ. ಆಗಲೇ ಸಕ್ಕರೆ ಕಾಯಿಲೆಯಿದ್ದ 1,312 ಮಂದಿಯನ್ನು ಐದು ವರ್ಷ ಪರೀಕ್ಷಿಸಿದ ಇನ್ನೊಂದು ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ಪಡೆದವರ ಮೂತ್ರಪಿಂಡ, ಪಡೆಯದವರದಕ್ಕಿಂತ ಚೆನ್ನಾಗೇನೂ ಉಳಿಯಲಿಲ್ಲ. ಕೊರತೆಯಿದ್ದರೆ ತುಂಬಿಕೊಡಬೇಕು, ಅದು ಎಲುಬಿನ ಹಿತಕ್ಕೆ; ಮೂತ್ರಪಿಂಡವನ್ನು ಉಳಿಸುವ ಸಂಜೀವಿನಿ ಅದಲ್ಲ.

ಗಿರಣಿಯೇ ನಿಂತವರಿಗೆ ಬೇರೆಡೆ ಬೀಸಿದ ಹಿಟ್ಟನ್ನೇ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಕೊಡಬಹುದು. ಕ್ಯಾಲ್ಸಿಟ್ರಿಯಾಲ್ ಗುಳಿಗೆಯಾಗಿ ಬಂದು ನಾಲ್ಕು ದಶಕಗಳ ಮೇಲಾಯಿತು. ಆದರೆ ಅದು ಬಹು ಚುರುಕಾದ ಮದ್ದು. ಸುಣ್ಣದಂಶವನ್ನೂ ರಂಜಕವನ್ನೂ ಒಟ್ಟಿಗೆ ಏರಿಸಬಲ್ಲದು. ಡಯಾಲಿಸಿಸ್ ಹಂತಕ್ಕೆ ಬಾರದವರಿಗೆಲ್ಲ ವಾಡಿಕೆಯಾಗಿ ಇದನ್ನು ಕೊಡುವುದು ಬೇಡವೆಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು. ರೋಗ ಬಲಿತು, ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾವಳಿ ತೀವ್ರವಾಗಿ ಏರುತ್ತಲೇ ಇರುವವರಿಗೆ, ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ಕೊಡುವುದು ತಜ್ಞರ ಕೆಲಸ. ನೆರೆಮನೆಯವರಿಗೆ ಹಿಡಿಸಿತೆಂದು ಕೇಳಿ ತರಿಸಿಕೊಳ್ಳುವ ಗುಳಿಗೆ ಇದಲ್ಲ.

ಎಲುಬಿನ ಮಾತು ಬಂದಾಗ ನಮ್ಮ ಭಾಗದಲ್ಲಿ ನೀರಿನ ಮಾತನ್ನು ಬಿಟ್ಟರೆ ಅರ್ಧವನ್ನು ಬಿಟ್ಟಂತೆ. ಫ್ಲೋರೈಡ್ ಹೆಚ್ಚಿರುವ ನೀರಿನಿಂದ ಎಲುಬು ಸೆಟೆದುಕೊಳ್ಳುವ ರೋಗವನ್ನು ಭಾರತದಲ್ಲಿ ಮೊದಲು ವರ್ಣಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. 1953ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯೂ ಅದೇ ಮದರಾಸಿನ ಆಡಳಿತದಲ್ಲಿತ್ತು. ಆಡಳಿತದ ನಂಟು ಕಳಚಿದರೂ ಕಲ್ಲುನೆಲದ ನಂಟು ಕಳಚಲಿಲ್ಲ. ಕೂಡ್ಲಿಗಿ ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಆರೋಗ್ಯವಂತ ವಯಸ್ಕನು ಸೇವಿಸಿದ ಫ್ಲೋರೈಡಿನ ಸುಮಾರು ಅರ್ಧಭಾಗವನ್ನು ಮೂತ್ರಪಿಂಡವೇ ಹೊರಹಾಕುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಎಲುಬಿಗೆ ಸೇರುತ್ತದೆ. ಮೂತ್ರಪಿಂಡ ಸೋತವನಲ್ಲಿ ಹೊರಹೋಗುವುದು ಕಡಿಮೆ, ಎಲುಬಿಗೆ ಸೇರುವುದು ಹೆಚ್ಚು. ಇನ್ನು ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವನು ದಾಹದಿಂದ ಬೇರೆಯವರ ಎರಡರಷ್ಟು ನೀರು ಕುಡಿಯುತ್ತಿದ್ದರೆ, ಆ ಕೊಳವೆಬಾವಿಯ ಫ್ಲೋರೈಡನ್ನೂ ಎರಡರಷ್ಟು ಕುಡಿಯುತ್ತಾನೆ. ಜೋಳದ ಊಟದಲ್ಲಿ ಸುಣ್ಣದಂಶವೂ ಕಡಿಮೆಯಾದರೆ ಹಾನಿ ಇನ್ನೂ ಬೇಗ. ಮಕ್ಕಳ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಬಾಗುವ ವಿಕಾರವನ್ನು ಫ್ಲೋರೈಡಿನ ಸೀಮೆಗಳಲ್ಲಿ ಕಂಡು ಹೈದರಾಬಾದಿನ ಪೋಷಣ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿಯೇ ವರದಿ ಮಾಡಿದ್ದರು.

ಆದುದರಿಂದ ಕೂಡ್ಲಿಗಿ ಕಡೆಯ ಹಳ್ಳಿಯೊಂದರಿಂದ ಸೊಂಟ ಹಿಡಿದುಕೊಂಡು ಬಂದ ಹಿರಿಯರೊಬ್ಬರಲ್ಲಿ ದುಡಿಮೆಯ ಸವೆತ, ‘ಡಿ’ಯ ಕೊರತೆ, ಮೂತ್ರಪಿಂಡದ ಸೋಲು, ಫ್ಲೋರೈಡ್ ನಾಲ್ಕೂ ಒಟ್ಟಿಗೆ ಕೂಡಿರಬಹುದು. ಕ್ಷ-ಕಿರಣ ಚಿತ್ರದಲ್ಲಿ ಫ್ಲೋರೈಡಿನ ಎಲುಬು ಬೆಳ್ಳಗೆ ದಟ್ಟವಾಗಿ ಕಾಣುವುದರಿಂದ, “ಎಲುಬು ಗಟ್ಟಿಯಿದೆ” ಎಂದು ಸಮಾಧಾನ ಹೇಳಿ ಕಳಿಸುವ ಸಂಭವವೂ ಉಂಟು. ದಟ್ಟವಾಗಿರುವುದು ಬೇರೆ, ಗಟ್ಟಿಯಾಗಿರುವುದು ಬೇರೆ. ಯಾವ ನೀರು ಕುಡಿಯುತ್ತೀರಿ, ಎಷ್ಟು ವರ್ಷದಿಂದ ಕುಡಿಯುತ್ತೀರಿ ಎಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಡ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಅವು ಸುಸ್ಥಿತಿಯಲ್ಲಿದ್ದರೆ ಫ್ಲೋರೈಡನ್ನು ಬಹುಮಟ್ಟಿಗೆ ಸೋಸುತ್ತವೆ. ಘಟಕ ಕೆಟ್ಟು ನಿಂತಾಗ ತಿಂಗಳುಗಟ್ಟಲೆ ಮತ್ತೆ ಕೊಳವೆಬಾವಿಯ ನೀರನ್ನೇ ಅವಲಂಬಿಸುವ ಊರಿನಲ್ಲಿ, ಮೂತ್ರಪಿಂಡ ಸೋತವರಿರುವ ಮನೆಗಾದರೂ ಬೇರೆ ನೀರು ದೊರೆಯುವಂತೆ ಪಂಚಾಯಿತಿಯವರು ನೋಡಿಕೊಂಡರೆ ಅದು ಔಷಧಕ್ಕಿಂತ ಕಡಿಮೆಯ ಉಪಕಾರವೇನಲ್ಲ.

ಡಯಾಲಿಸಿಸ್ ಹಂತಕ್ಕೆ ಬಂದವರ ಬಗ್ಗೆ ಎರಡು ಮಾತು. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಯಂತ್ರದ ಬದಿಯಲ್ಲಿ ಮಲಗಿ, ಬಸ್ಸು ಹಿಡಿದು ಊರಿಗೆ ಮರಳುವವರ ಕಷ್ಟ ದೊಡ್ಡದು. ಯಂತ್ರ ಸೋಸುತ್ತದೆಯೇ ಹೊರತು ಬೀಸುವುದಿಲ್ಲ. ಅದರಿಂದ ಕ್ಯಾಲ್ಸಿಟ್ರಿಯಾಲ್ ಹುಟ್ಟದು. ರಂಜಕವನ್ನೂ ಅದು ಪೂರ್ತಿ ತೆಗೆಯಲಾರದು. ಅದಕ್ಕಾಗಿಯೇ ಊಟದ ಜೊತೆಯಲ್ಲಿ ನುಂಗಲು ಕೆಲವರಿಗೆ ಸುಣ್ಣದಂಶದ ಮಾತ್ರೆಗಳನ್ನು ಕೊಡುತ್ತಾರೆ. ಅವು ಕರುಳಿನಲ್ಲಿಯೇ ರಂಜಕವನ್ನು ಹಿಡಿದು ಹೊರಗೆ ಸಾಗಿಸುತ್ತವೆ. ಎಲುಬಿನ ಮಾತ್ರೆಯಲ್ಲವೇ, ಯಾವಾಗ ತೆಗೆದುಕೊಂಡರೇನು ಎಂದು ಬರಿಹೊಟ್ಟೆಯಲ್ಲಿ ನುಂಗಿದರೆ ಆ ಕೆಲಸ ನಡೆಯುವುದಿಲ್ಲ. ಊಟದ ತುತ್ತುಗಳ ನಡುವೆಯೇ ನುಂಗಬೇಕು. ಒಬ್ಬ ಅಜ್ಜಿ, ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನೇ ಕಡಲೆಕಾಳಿನಷ್ಟು ತಿಂದರಾಗದೇ ಎಂದು ಕೇಳಿದಳು. ಪ್ರಶ್ನೆಯಲ್ಲಿ ಬುದ್ಧಿಯಿದೆ, ಹೆಸರೂ ಸುಣ್ಣವೇ ತಾನೆ. ಆದರೆ ಅರಳಿದ ಸುಣ್ಣ ತೀಕ್ಷ್ಣ ಕ್ಷಾರ, ಬಾಯಿ ಹೊಟ್ಟೆಗಳನ್ನು ಸುಡುವಂಥದು. ಅಳತೆಯಿಲ್ಲದೆ ಮೈಗೆ ಸೇರಿದರೆ ರಕ್ತದ ಸುಣ್ಣದಂಶ ಏರುವುದೂ ಉಂಟು. ಬೇಡವೆಂದೆ.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ: ಹಾಗಾದರೆ ಬಿಸಿಲಿಗೆ ಕೂರಬೇಕೋ ಬೇಡವೋ? ಕೂರಬೇಕು. ಮೂತ್ರಪಿಂಡ ಸೋತವರಿಗೂ ಹಗೇವು ಬರಿದಾಗಿರಬಾರದು. ಅರೆಬರೆ ತಿರುಗುವ ಗಿರಣಿಗೆ ಕಾಳಾದರೂ ಬೇಕು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಮುಖ, ಕೈ, ಮೊಣಕಾಲಿನ ಕೆಳಭಾಗ ತೆರೆದು, ವಾರಕ್ಕೆ ನಾಲ್ಕಾರು ದಿನ ಅರ್ಧ ಗಂಟೆಯಷ್ಟು ಹೊತ್ತು ಬಿಸಿಲಿದ್ದರೆ ಒಳ್ಳೆಯದು. ಚೈತ್ರ ವೈಶಾಖಗಳಲ್ಲಿ ನಮ್ಮ ಬಿಸಿಲು ಆ ಹೊತ್ತಿನಲ್ಲಿ ತಾಳಲಾರದ್ದು; ಆಗ ಹತ್ತು ಗಂಟೆಯ ಸುಮಾರಿಗೆ ಸ್ವಲ್ಪ ಹೊತ್ತು ಕೂತು ಒಳಗೆ ಬಂದರೆ ಸಾಕು. ಸಕ್ಕರೆ ಕಾಯಿಲೆಯವರು ಮಾತ್ರ ಒಂದನ್ನು ಮರೆಯಬಾರದು. ಹಲವು ವರ್ಷದ ಸಕ್ಕರೆಯಿಂದ ಅಂಗಾಲಿನ ನರಗಳು ಜಡವಾಗಿರುತ್ತವೆ. ಕಾದ ಕಲ್ಲು, ಕಾದ ಸಿಮೆಂಟು ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ತೇರಿನ ಹರಕೆಗೆಂದು ಬರಿಗಾಲಿನಲ್ಲಿ ನಡೆದು, ರಾತ್ರಿ ಕಾಲು ತೊಳೆಯುವಾಗ ಬೊಬ್ಬೆ ಕಂಡವರನ್ನು ನಾನು ನೋಡಿದ್ದೇನೆ. ಬಿಸಿಲಿಗೆ ಮೈಯೊಡ್ಡಿ ಕೂರುವಾಗ ಕಾಲಲ್ಲಿ ಚಪ್ಪಲಿ ಇರಲಿ. ಕೂತೆದ್ದು ಒಳಗೆ ಬಂದ ಮೇಲೆ ಅಂಗಾಲನ್ನೊಮ್ಮೆ ತಿರುವಿ ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಮನೆಯ ಮೊಮ್ಮಕ್ಕಳಿಗೆ ತೋರಿಸಿ.